ಹಳೇ ರಿಂಗ್ ತಂದು "ಇದೇ ಸೈಜ್ ಕೊಡ್ರಿ" ಅಂದರೆ

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಹೈಡ್ರಾಲಿಕ್ ಸಿಲಿಂಡರ್ ರಿಪೇರಿ ಮಾಡುವ ಸಣ್ಣ ಶೆಡ್ ನನ್ನದು. ಜೆಸಿಬಿ, ಟಿಪ್ಪರ್, ಪ್ರೆಸ್ ಎಲ್ಲ ಬರುತ್ತವೆ. ಬರುವವರಲ್ಲಿ ಹೆಚ್ಚಿನವರು ಹಳೇ ಓ ರಿಂಗನ್ನು, ಅಂದರೆ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಬಳೆಯನ್ನು, ಕಾಗದದಲ್ಲಿ ಸುತ್ತಿ ತಂದು "ಇದೇ ಸೈಜ್ ಕೊಡ್ರಿ" ಅನ್ನುತ್ತಾರೆ. ನಾನು ಇಸ್ಕೊಳ್ಳುತ್ತೇನೆ. ಆದರೆ ಹೊಸದನ್ನು ಅದರ ಅಳತೆಗೆ ಹುಡುಕುವುದಿಲ್ಲ. ಆ ರಿಂಗ್ ಯಾಕೆ ಕೆಟ್ಟಿತು ಅಂತ ನೋಡೋಕೆ ಮಾತ್ರ ಅದು ಬೇಕು.

ಬಿಸಿ ಎಣ್ಣೆಯಲ್ಲಿ ವರ್ಷಗಟ್ಟಲೆ ಒತ್ತಿ ಕೂತ ರಬ್ಬರ್ ಚಪ್ಪಟೆಯಾಗಿರುತ್ತದೆ, ಇಲ್ಲವೇ ಊದಿರುತ್ತದೆ. ಒಂದು ಲೆಕ್ಕ ನೋಡಿ. ಸಿಲಿಂಡರ್‌ನ ಗ್ಲ್ಯಾಂಡ್ (ರಾಡ್ ಹೊರಬರುವ ಕಡೆಯ ಮುಚ್ಚಳ) ಮೇಲೆ ಹೊರಗಡೆ ಒಂದು ಓ ರಿಂಗ್ ಇರುತ್ತದೆ, ಅಲುಗಾಡದೆ ಕೂರುವಂಥದ್ದು. ಅದರ ದಪ್ಪ 3.53 ಮಿ.ಮೀ. ಅದು ಕೂರುವ ಕಾಲುವೆಗೆ ಗ್ರೂವ್ ಅನ್ನುತ್ತೇವೆ. ಗ್ರೂವ್‌ನ ತಳದಿಂದ ಟ್ಯೂಬ್‌ನ ಒಳಗೋಡೆಗೆ ಜಾಗ 2.9. ಅಂದರೆ ರಿಂಗ್ ಸುಮಾರು 18 ಶೇಕಡಾ ಒತ್ತಿಕೊಳ್ಳುತ್ತದೆ. ಅಲುಗದ ಜಾಗಕ್ಕೆ 15ರಿಂದ 30 ಶೇಕಡಾ ಸರಿ. ಈಗ ಚಪ್ಪಟೆಯಾದ ಹಳೇ ರಿಂಗಿಗೆ ವರ್ನಿಯರ್ ಹಿಡಿಯಿರಿ. 3 ಚಿಲ್ಲರೆ ತೋರಿಸುತ್ತದೆ. ಅಂಗಡಿಯಲ್ಲಿ 3 ಮಿ.ಮೀ. ರಿಂಗ್ ಸಿಗುತ್ತದೆ, ಗ್ರೂವ್‌ನಲ್ಲಿ ಚಂದವಾಗಿ ಕೂರುತ್ತದೆ ಕೂಡ. ಒತ್ತಿಕೊಳ್ಳುವುದು ಮಾತ್ರ ಬರೀ 3 ಶೇಕಡಾ! ಲೀಕ್ ಆಗದೆ ಇರುತ್ತಾ?

ಅದಕ್ಕೇ ನಾನು ಅಳೆಯುವುದು ಗ್ರೂವನ್ನು. ಆಳ, ಅಗಲ, ತಳದ ವ್ಯಾಸ. ಅಗಲ ಯಾಕೆ ಅಂದರೆ, ರಬ್ಬರ್ ಒತ್ತಿದರೆ ಕುಗ್ಗುವುದಿಲ್ಲ, ಪಕ್ಕಕ್ಕೆ ಹರಿಯುತ್ತದೆ. 3.53ರ ರಿಂಗಿಗೆ ಸುಮಾರು 4.8 ಮಿ.ಮೀ. ಅಗಲ ಬೇಕು. ಎಣ್ಣೆಯಲ್ಲಿ ಸ್ವಲ್ಪ ಊದುವುದಕ್ಕೂ ಜಾಗ ಉಳಿಯಬೇಕು. ಒಳವ್ಯಾಸ ಗ್ರೂವ್ ತಳಕ್ಕಿಂತ ಸ್ವಲ್ಪ ಚಿಕ್ಕದಿರಲಿ. 5 ಶೇಕಡಾಕ್ಕಿಂತ ಜಾಸ್ತಿ ಎಳೆದು ಹಾಕಿದರೆ ರಿಂಗೇ ತೆಳ್ಳಗಾಗುತ್ತದೆ.

ಇನ್ನು ಹಳೇ ರಿಂಗನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ. ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬಿಸಿ ಜಾಸ್ತಿಯಾಗಿದೆ. ಮೆತ್ತಗಾಗಿ ಊದಿದ್ದರೆ ರಬ್ಬರಿಗೂ ಎಣ್ಣೆಗೂ ಹೊಂದಿಲ್ಲ. ಮೈಮೇಲೆ ಓರೆ ಗೀರುಗಳು ಸುತ್ತಿಕೊಂಡಿದ್ದರೆ ರಾಡ್ ಜೊತೆ ಹೊರಳಿ ತಿರುಚಿದೆ. ಉದ್ದ ಸ್ಟ್ರೋಕ್ ಇರುವಲ್ಲಿ, ಅಂದರೆ ರಾಡ್ ತುಂಬಾ ದೂರ ಓಡಾಡುವಲ್ಲಿ, ಓ ರಿಂಗ್ ಬೇಡವೇ ಬೇಡ, ಯೂ ಆಕಾರದಲ್ಲಿ ಎರಡು ತುಟಿ ಇರುವ ಯೂ ಸೀಲ್ ಹಾಕಿ, ತುಟಿ ಒತ್ತಡ ಬರುವ ಕಡೆಗೆ.

ಒಂದು ಅಂಚನ್ನು ಇಲಿ ಕಡಿದ ಹಾಗೆ ಕಾಣಿಸಿದರೆ ನನಗೆ ರಿಂಗ್‌ಗಿಂತ ಬುಷ್ ಮೇಲೆ, ಅಂದರೆ ರಾಡ್ ಜಾರುವ ಒಳತೋಳಿನ ಮೇಲೆ, ಅನುಮಾನ. ಬುಷ್ ಸವೆದು ಸಂದು ದೊಡ್ಡದಾಗಿರುತ್ತದೆ. ಒತ್ತಡ ಬಂದಾಗಲೆಲ್ಲ ರಬ್ಬರ್ ಆ ಸಂದಿಗೆ ನುಗ್ಗಿ ಚೂರು ಚೂರೇ ಕಿತ್ತುಹೋಗುತ್ತದೆ. 70 ಶೋರ್ ಗಡಸುತನದ ರಿಂಗ್ ಸುಮಾರು 100 ಬಾರ್ ತನಕ ತಡೆಯುತ್ತದೆ, ಅದೂ ಸಂದು ಸಣ್ಣದಿದ್ದರೆ. ಅದರ ಮೇಲೆ 90 ಶೋರ್ ಬೇಕು, ಇಲ್ಲವೇ ರಬ್ಬರ್ ಸಂದಿಗೆ ನುಗ್ಗದಂತೆ ತಡೆಯುವ ಟೆಫ್ಲಾನ್ ಬ್ಯಾಕಪ್ ರಿಂಗ್. ಬ್ಯಾಕಪ್ ಕೂರಬೇಕಾದ್ದು ಒತ್ತಡ ಇಲ್ಲದ ಕಡೆ. ಎರಡೂ ಕಡೆಯಿಂದ ಒತ್ತಡ ಬಂದರೆ ಎರಡು ಹಾಕಬೇಕು.

ರಬ್ಬರ್ ಯಾವುದು? ಸಾಮಾನ್ಯ ಹೈಡ್ರಾಲಿಕ್ ಎಣ್ಣೆಗೆ ನೈಟ್ರೈಲ್ ಸಾಕು, 100 ಡಿಗ್ರಿ ತನಕ. ಅದಕ್ಕಿಂತ ಬಿಸಿಯಾದರೆ ವಿಟಾನ್, ಸುಮಾರು 200ರ ತನಕ. ದುಬಾರಿ, ಸುಮ್ನೆ ಎಲ್ಲ ಕಡೆ ಹಾಕಬೇಡಿ. ಇಪಿಡಿಎಂ ಬ್ರೇಕ್ ಆಯಿಲ್‌ಗೆ, ಬಿಸಿನೀರಿಗೆ ಒಳ್ಳೆಯದು, ಆದರೆ ಹೈಡ್ರಾಲಿಕ್ ಎಣ್ಣೆ ತಾಗಿದರೆ ಊದಿ ಹಾಳಾಗುತ್ತದೆ. ತೊಂದರೆ ಏನಪ್ಪಾ ಅಂದರೆ ಮೂರೂ ಕಪ್ಪಗೇ ಬರುತ್ತವೆ. ಕಂದು ಬಣ್ಣದ್ದೆಲ್ಲ ವಿಟಾನ್ ಅನ್ನೋದೂ ನಂಬುವ ಮಾತಲ್ಲ. ಅಂಗೈಯಲ್ಲಿಟ್ಟು ತೂಗಿದರೆ ವಿಟಾನ್ ಭಾರ, ಅದೇ ಅಳತೆಯ ನೈಟ್ರೈಲ್ ಹಗುರ. ನೈಟ್ರೈಲೋ ಇಪಿಡಿಎಮ್ಮೋ ಅನ್ನೋ ಅನುಮಾನ ಬಂದರೆ ಒಂದು ತುಂಡನ್ನು ಬೆಚ್ಚಗಿನ ಎಣ್ಣೆಯಲ್ಲಿ ರಾತ್ರಿಯೆಲ್ಲ ಬಿಟ್ಟು ನೋಡುತ್ತೇನೆ. ಕೆಲವರು ಸುಟ್ಟು ನೋಡುತ್ತಾರೆ. ದಯವಿಟ್ಟು ಬೇಡ. ವಿಟಾನ್ ಸುಟ್ಟರೆ ಹೈಡ್ರೋಫ್ಲೋರಿಕ್ ಆಸಿಡ್ ಬರುತ್ತದೆ, ಅದು ಚರ್ಮದೊಳಗೆ ಇಳಿಯುತ್ತದೆ. ಬೆಂಕಿ ಬಿದ್ದ ಮೆಷಿನ್ ಬಿಚ್ಚುವಾಗಲೂ ಸುಟ್ಟ ಸೀಲನ್ನು ಬರಿಗೈಲಿ ಮುಟ್ಟಬೇಡಿ.

ಗಾಳಿ ಸಿಲಿಂಡರ್ ಲೆಕ್ಕವೇ ಬೇರೆ. ಅಲ್ಲಿರೋದು 6–8 ಬಾರ್. ಜೋರಾಗಿ ಒತ್ತುವ ರಿಂಗ್ ಹಾಕಿದರೆ ಲೀಕೇನೋ ನಿಲ್ಲುತ್ತದೆ, ಆದರೆ ಪಿಸ್ಟನ್ ತಡೆದು ತಡೆದು ಓಡುತ್ತದೆ. ಭಾನುವಾರ ನಿಂತ ಮೆಷಿನ್ ಸೋಮವಾರ ಬೆಳಿಗ್ಗೆ ಮೊದಲ ಸ್ಟ್ರೋಕಿಗೆ ಜಗ್ಗುವುದು ಇದಕ್ಕೇ, ರಬ್ಬರ್ ಗೋಡೆಗೆ ಅಂಟಿಕೊಂಡಿರುತ್ತದೆ. ಇಲ್ಲಿ ರಿಂಗ್ ಒತ್ತಿಕೊಳ್ಳುವುದು ಕಡಿಮೆ ಇರಲಿ, ಗ್ರೀಸ್ ಒಳ್ಳೆಯದಿರಲಿ.

ಹಾಕುವಾಗ ಸ್ಕ್ರೂಡ್ರೈವರ್ ದೂರ ಇಡಿ. ರಾಡ್‌ನ ಥ್ರೆಡ್ ಮೇಲೆ ಟೇಪ್ ಸುತ್ತಿ, ರಿಂಗಿಗೆ ಅದೇ ಮೆಷಿನ್ ಎಣ್ಣೆ ಸವರಿ ಜಾರಿಸಿ. ಟ್ಯೂಬ್ ಬಾಯಿಯ ಚೂಪು ಅಂಚು ಬೆರಳಿಗೆ ತಾಗಿದರೆ ರಿಂಗನ್ನೂ ಕತ್ತರಿಸುತ್ತದೆ, ಮೊದಲು ಅದನ್ನು ಇಳಿಜಾರು ಮಾಡಿಕೊಳ್ಳಿ.

ಓಡಿಸಿ ನೋಡಿದ ಮೇಲೆ ರಾಡ್ ಮೇಲೆ ಎಣ್ಣೆಯ ತೆಳು ಪಸೆ ಕಂಡು ಗಿರಾಕಿಗಳು ಗಾಬರಿಯಾಗುತ್ತಾರೆ. ಅಷ್ಟು ಬೇಕೇ ಬೇಕು, ಸೀಲ್ ಓಡುವುದೇ ಅದರ ಮೇಲೆ. ಹನಿಯಾಗಿ ಇಳಿದರೆ ಮಾತ್ರ ವಾಪಸ್ ತನ್ನಿ ಅನ್ನುತ್ತೇನೆ.