ಕಣಕುಂಬಿಯ ಹಳೇ ನಕ್ಷೆ ಫೋನಿಗೆ ತಂದಿದ್ದು

ಮಲಪ್ರಭೆಯ ನೀರು ಪೂರ್ವಕ್ಕೆ ಹೋಗಿ ಕೃಷ್ಣೆ ಸೇರುತ್ತದೆ. ಮಹದಾಯಿಯದು ಪಶ್ಚಿಮಕ್ಕೆ, ಕಡಲಿಗೆ. ಇವೆರಡನ್ನೂ ಬೇರೆ ಮಾಡುವ ಗುಡ್ಡದ ಏಣನ್ನು ನಮ್ಮ ಖಾನಾಪುರದ ಕಾಡಲ್ಲಿ ನಡೆದೇ ನೋಡಬೇಕು ಅನ್ನೋದು ನನ್ನ ಆಸೆ. ಫೋನಿನ ನಕ್ಷೆಯಲ್ಲಿ ಅಲ್ಲಿ ಬರೀ ಹಸಿರು. ಅದಕ್ಕೇ ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚಿನ ಹಾಳೆ ಹಿಡಿದೆ. ನೆಲದ ಒಂದು ಮೈಲಿಗೆ ಕಾಗದದ ಮೇಲೆ ಒಂದಿಂಚು. ಮಲಪ್ರಭೆ ಹುಟ್ಟುವ ಊರು ಕಣಕುಂಬಿ 48 ಐ/2 ನಂಬರಿನ ಹಾಳೆಯಲ್ಲಿದೆ, ಜಾಂಬೋಟಿ ಊರು ಪಕ್ಕದ 48 ಐ/6ರಲ್ಲಿ. ಎರಡೂ ಬೇಕು.

ಹಾಳೆಯನ್ನು ದೊಡ್ಡ ಸ್ಕ್ಯಾನರ್‌ನಲ್ಲೇ ಸ್ಕ್ಯಾನ್ ಮಾಡಿಸಿ. ಫೋನಿನ ಫೋಟೊದಲ್ಲಿ ಅಂಚು ಸೊಟ್ಟಗಾಗುತ್ತದೆ. ಮುಂದಿನ ಕೆಲಸ ಕ್ಯೂಜಿಐಎಸ್ ಅನ್ನೋ ಕಂಪ್ಯೂಟರಿನ ನಕ್ಷೆ ತಂತ್ರಾಂಶದಲ್ಲಿ, ಅದು ಉಚಿತ. ಹಾಳೆಯ ಅಗಲ, ಎತ್ತರ ಎರಡೂ 15 ನಿಮಿಷ (ಒಂದು ಡಿಗ್ರಿಗೆ 60 ನಿಮಿಷ). ಐದೈದು ನಿಮಿಷಕ್ಕೆ ಅಕ್ಷಾಂಶ, ರೇಖಾಂಶದ ಗೆರೆಗಳಿವೆ. ಹಾಳೆ ಭೂಮಿಯ ಮೇಲೆ ಸರಿಯಾದ ಜಾಗದಲ್ಲಿ ಕೂರಲೆಂದು, ಅಂಚೂ ಸೇರಿ ಅವು ಕೂಡುವ 16 ಜಾಗಗಳ ಅಕ್ಷಾಂಶ, ರೇಖಾಂಶವನ್ನು ನಾನೇ ತುಂಬಿದೆ. ಒಂದು ವಿಷಯ ಮರೀಬೇಡಿ: ಭೂಮಿಯ ಆಕಾರವನ್ನು ಲೆಕ್ಕ ಹಾಕುವ ರೀತಿ ಎರಡರಲ್ಲೂ ಬೇರೆ, ಹಳೇ ಹಾಳೆಯದು ಎವರೆಸ್ಟ್ ಲೆಕ್ಕ, ಫೋನಿನದು ಡಬ್ಲ್ಯೂಜಿಎಸ್ 84. ಕ್ಯೂಜಿಐಎಸ್‌ನ ಪಟ್ಟಿಯಲ್ಲಿ ಹಳೇ ಹಾಳೆಯ ಲೆಕ್ಕಕ್ಕೆ ಹೊಂದುವ ಕಲ್ಯಾಣಪುರ (Kalianpur) ಅನ್ನೋದನ್ನು ಆರಿಸದಿದ್ದರೆ ಇಡೀ ನಕ್ಷೆ ಪಕ್ಕಕ್ಕೆ ಸರಿಯುತ್ತದೆ.

ಹಾಳೆಯಲ್ಲಿ ಎತ್ತರ ಅಡಿ ಲೆಕ್ಕದಲ್ಲಿದೆ. ಕಣಕುಂಬಿ ಸುಮಾರು 792 ಮೀಟರ್, ಅಂದರೆ 2600 ಅಡಿಯ ಆಸುಪಾಸಿನ ಕಂದು ಗೆರೆ ನೋಡಬೇಕು. ಒಂದೊಂದು ಕಂದು ಗೆರೆಯೂ ಒಂದೇ ಎತ್ತರದ ಜಾಗಗಳನ್ನು ಕೂಡಿಸುತ್ತದೆ. ಈ ಗೆರೆಗಳನ್ನು ಓದೋದೇ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕೆಲಸ. ಹಳ್ಳ ದಾಟುವಾಗ ಗೆರೆಯ ಮೂತಿ ಮೇಲಕ್ಕೆ, ಹಳ್ಳ ಹುಟ್ಟುವ ಕಡೆಗೆ ತಿರುಗುತ್ತದೆ. ಏಣಿನ ಮೇಲೆ ಇಳಿಜಾರಿನ ಕಡೆಗೆ. ಕೆಳಗೆ ತಿರುಗಿದ ಮೂತಿಗಳನ್ನು ಪೆನ್ಸಿಲ್‌ನಲ್ಲಿ ಒಂದೊಂದಾಗಿ ಕೂಡಿಸುತ್ತಾ ಹೋದೆ. ಯಾವ ಹಳ್ಳವನ್ನೂ ದಾಟದ ಒಂದೇ ಗೆರೆ ಕೊನೆಗೆ ಉಳಿಯಿತು. ಅದೇ ನಾನು ಹುಡುಕುತ್ತಿದ್ದ ಏಣು.

ಬಣ್ಣವನ್ನೂ ನೋಡಿ. ವರ್ಷಪೂರ್ತಿ ನೀರಿರುವ ಹಳ್ಳ ನೀಲಿ, ಬೇಸಿಗೆಗೆ ಒಣಗುವುದು ಕಪ್ಪು. ನೀಲಿ ತೋರಿಸಿದ ಒಂದು ಹಳ್ಳ ಮಾರ್ಚಿನಲ್ಲೇ ಒಣಗಿತ್ತು. ದನ ಕಾಯುತ್ತಿದ್ದ ಹಿರಿಯರನ್ನು ಕೇಳಿದೆ, "ಅಜ್ಜಾರ, ಇಲ್ಲಿ ಬ್ಯಾಸಿಗಿಯೊಳಗ ನೀರ ಇರ್ತಿತ್ತೇನ್ರಿ?"

"ನಾ ಸಣ್ಣಾಂವ ಇದ್ದಾಗ ಇರ್ತಿತ್ತು ತಮ್ಮಾ. ದನಕ್ಕ ಇಲ್ಲೇ ನೀರ ಕುಡಸ್ತಿದ್ವಿ."

ಈ ಹಾಳೆ ಜೋಪಾನ ಮಾಡಲು ನನಗೆ ಇಷ್ಟೇ ಸಾಕು. ಈಗ ಒಣಗಿದ ಪ್ರತಿ ನೀಲಿ ಹಳ್ಳವನ್ನೂ ಗುರುತು ಹಾಕಿಕೊಳ್ಳುತ್ತಿದ್ದೇನೆ. ನೀವೂ ಹೊರಟರೆ ನೆನಪಿರಲಿ, ಈ ಕಡೆ ಭೀಮಗಡ ವನ್ಯಜೀವಿ ಧಾಮವಿದೆ. ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.