ಏರ್ ಪಿಸ್ತೂಲಿಗೆ ಪೆಲೆಟ್ ಆರಿಸುವುದು ಹೇಗೆ?

ಹೊಸದಾಗಿ ಏರ್ ಪಿಸ್ತೂಲ್ (ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವ ಪಿಸ್ತೂಲ್) ಹಿಡಿದವರು ಮೊದಲ ತಿಂಗಳೆಲ್ಲ ಗನ್ ಬಗ್ಗೆಯೇ ಮಾತಾಡುತ್ತಾರೆ. ಎರಡನೇ ತಿಂಗಳು, ಹತ್ತು ಅಂಕ ಬೀಳಬೇಕಾದ ಕಡೆ ಏಳು, ಎಂಟು ಬೀಳುತ್ತಿದ್ದರೆ, ಅನುಮಾನ ಪೆಲೆಟ್, ಅಂದರೆ ಅದರ ಪುಟ್ಟ ಸೀಸದ ಗುಂಡಿನ ಡಬ್ಬಿಯ ಮೇಲೆ ತಿರುಗುತ್ತದೆ. ನನಗೂ ಹಾಗೇ ಆಗಿತ್ತು. ನಾಲ್ಕು ಬಗೆಯ ಡಬ್ಬಿ ಕೊಂಡೆ, ಸ್ಕೋರ್ ಮಾತ್ರ ಅಲ್ಲೇ ಇತ್ತು.

ಲೆಕ್ಕ ಹಾಕಿ ನೋಡಿ. 10 ಮೀಟರ್ ಪಿಸ್ತೂಲ್ ಟಾರ್ಗೆಟ್‌ನಲ್ಲಿ ಹತ್ತರ ವೃತ್ತದ ಅಗಲ 11.5 ಮಿಲಿಮೀಟರ್. ಅಲ್ಲಿಂದ ಆಚೆಗೆ ಪ್ರತಿ 8 ಮಿಲಿಮೀಟರಿಗೆ ಒಂದು ಅಂಕ ಹೋಗುತ್ತದೆ. ಗುಂಡಿನ ಅಂಚು ಗೆರೆ ಮುಟ್ಟಿದರೂ ಮೇಲಿನ ಅಂಕವೇ ಸಿಗುತ್ತದೆ. ಒಳ್ಳೆ ಪೆಲೆಟ್‌ಗೂ ತುಂಬಾ ಒಳ್ಳೆ ಪೆಲೆಟ್‌ಗೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್, ಅಷ್ಟೇ. ಅಂದ ಮೇಲೆ ಏಳಕ್ಕೆ ಹೋದ ಗುಂಡಿಗೆ ಕಾರಣ ನಿಮ್ಮ ಬೆರಳು, ಡಬ್ಬಿ ಅಲ್ಲ. ರೈಫಲ್‌ನವರ ಕಥೆ ಬೇರೆ. ಅವರ ಹತ್ತು ಬರೀ 0.5 ಮಿಲಿಮೀಟರಿನ ಚುಕ್ಕೆ. ಅವರು ಪೆಲೆಟ್‌ಗೆ ತಲೆ ಕೆಡಿಸಿಕೊಳ್ಳುವುದು ನ್ಯಾಯ.

ಹಾಗಂತ ಸಿಕ್ಕಿದ್ದನ್ನೆಲ್ಲ ತುಂಬಿ ಹೊಡೆಯುವಂತಿಲ್ಲ.

1. ತಲೆ ಚಪ್ಪಟೆ ಇರಲಿ. ಶುರುವಿನಲ್ಲಿ ಅಂಗಡಿಯವನೊಬ್ಬ ನನಗೆ ದುಂಡು ತಲೆಯ ಪೆಲೆಟ್ ಕೊಟ್ಟು, 'ಎಲ್ಲಾ ಒಂದೇ ಸಾರ್' ಅಂದಿದ್ದ. ಸ್ಪರ್ಧೆಯ ನಿಯಮದ ಪ್ರಕಾರ ತಪ್ಪೇನಲ್ಲ. ಸೀಸ ಅಥವಾ ಅಂಥದೇ ಮೆತ್ತನೆಯ ವಸ್ತು, 4.5 ಮಿಲಿಮೀಟರ್ ಕ್ಯಾಲಿಬರ್ (ಬ್ಯಾರೆಲ್ಲಿನ ಅಳತೆ), ಅಷ್ಟಿದ್ದರೆ ಸಾಕು. ಆದರೆ ದುಂಡು ತಲೆ ಕಾಗದವನ್ನು ಹರಿಯುತ್ತದೆ, ಕತ್ತರಿಸುವುದಿಲ್ಲ. ತೂತಿನ ಸುತ್ತ ಚಿಂದಿ ಎದ್ದು, ಗೆರೆ ಮುಟ್ಟಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಚಪ್ಪಟೆ ತಲೆಯದು ಕಾಗದಕ್ಕೆ ಪಂಚಿಂಗ್ ಮಷೀನ್ ಒತ್ತಿದ ಹಾಗೆ ದುಂಡಗೆ ತೂತು ಮಾಡುತ್ತದೆ. ಡಬ್ಬಿ ಮೇಲೆ 'ಮ್ಯಾಚ್' (ಸ್ಪರ್ಧೆಗೆ ಅಂತ ಮಾಡಿದ್ದು) ಅಂತ ಇದ್ದರೆ ಸಾಮಾನ್ಯವಾಗಿ ಇದೇ. ತಾಮ್ರದ ಲೇಪ ಕೊಟ್ಟು ಫಳಫಳ ಹೊಳೆಯುವವು ನೋಡಲು ಚೆಂದ. ಮ್ಯಾಚ್ ಪಿಸ್ತೂಲಿಗೆ ಸಾದಾ ಸೀಸವೇ ಸಾಕು.

2. ತೂಕ ಹಗುರ ಇರಲಿ. ಪಿಸ್ತೂಲಿಗೆ 0.45ರಿಂದ 0.50 ಗ್ರಾಂ, ರೈಫಲ್‌ಗೆ 0.53ರ ಆಸುಪಾಸು. ಆರ್‌ಡಬ್ಲ್ಯುಎಸ್ ಕಂಪನಿಯ ಆರ್10 ಎರಡೂ ತೂಕದಲ್ಲಿ ಬರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ಓದಿ. ಪಿಸ್ತೂಲಿನ ವೇಗ ಕಡಿಮೆ, ಹೆಚ್ಚುಕಮ್ಮಿ ಸೆಕೆಂಡಿಗೆ 150 ಮೀಟರ್. ಹಗುರವಾದ ಪೆಲೆಟ್ ಬ್ಯಾರೆಲ್‌ನಿಂದ ಬೇಗ ಹೊರಗೆ ಬೀಳುತ್ತದೆ. ಅಷ್ಟರ ಮಟ್ಟಿಗೆ ನಿಮ್ಮ ಕೈ ನಡುಗಲು ಸಮಯ ಕಡಿಮೆ.

3. ತಲೆಯ ಅಳತೆ. 4.49, 4.50, 4.51. ಲೇಬಲ್ ಮೇಲೆ ಚಿಕ್ಕದಾಗಿ ಹಾಕಿರುತ್ತಾರೆ. 4.50ರಿಂದ ಶುರು ಮಾಡಿ. ಮ್ಯಾಚ್ ಪಿಸ್ತೂಲಿನ ಪೆಟ್ಟಿಗೆಯಲ್ಲಿ ಕಾರ್ಖಾನೆಯವರೇ ಹೊಡೆದು ನೋಡಿದ ತೂತಿನ ಚೀಟಿಯೊಂದು ಇರುತ್ತದೆ. ಅದನ್ನು ಎಸೆಯಬೇಡಿ.

4. ಹೊಡೆದು ನೋಡಿ. ತುಸು ತಾಳ್ಮೆ ಬೇಕಾಗುವುದು ಇಲ್ಲೇ. ಎರಡು ಮೂರು ಬಗೆಯ ಒಂದೊಂದೇ ಡಬ್ಬಿ ತನ್ನಿ. ರೇಂಜ್‌ನಲ್ಲಿ ಪಿಸ್ತೂಲನ್ನು ವೈಸ್‌ಗೆ (ಬಿಗಿಹಿಡಿಯುವ ಇಕ್ಕಳಕ್ಕೆ) ಕಚ್ಚಿಸುವ ವ್ಯವಸ್ಥೆ ಇದ್ದರೆ ಪುಣ್ಯ. ಇಲ್ಲದಿದ್ದರೆ ಮೇಜಿನ ಮೇಲೆ ಮರಳಿನ ಚೀಲ ಇಟ್ಟು, ಕುಳಿತು, ಎರಡೂ ಕೈ ಊರಿ ಹೊಡೆಯಿರಿ. ನಿಂತು ಒಂಟಿ ಕೈಯಲ್ಲಿ ಹೊಡೆದರೆ ಪರೀಕ್ಷೆ ಆಗುವುದು ನಿಮ್ಮದು, ಪೆಲೆಟ್‌ನದಲ್ಲ.

ಪೆಲೆಟ್ ಬದಲಾಯಿಸಿದ ಮೇಲೆ ಮೊದಲ ಹತ್ತು ಹದಿನೈದು ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡಿ, ಬ್ಯಾರೆಲ್ ಅದಕ್ಕೆ ಒಗ್ಗಬೇಕು. ಆಮೇಲೆ ಹೊಸ ಕಾರ್ಡ್ (ಟಾರ್ಗೆಟ್ ಕಾಗದ) ಹಾಕಿ ಒಂದೇ ಜಾಗಕ್ಕೆ ಹತ್ತು ಗುಂಡು. ಹೀಗೆ ಮೂರು ಕಾರ್ಡ್. ಐದೇ ಗುಂಡಿನ ಗ್ರೂಪ್ (ಒಂದೇ ಜಾಗಕ್ಕೆ ಹೊಡೆದ ತೂತುಗಳ ಗುಂಪು) ನಂಬಬೇಡಿ, ಅದೃಷ್ಟ ಚೆನ್ನಾಗಿದ್ದರೆ ಯಾವ ಪೆಲೆಟ್ ಆದರೂ ಐದನ್ನು ಒಂದೇ ತೂತಿಗೆ ಕಳಿಸುತ್ತದೆ. ಕ್ಯಾಲಿಪರ್‌ನಲ್ಲಿ ಗ್ರೂಪಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು 4.5 ಕಳೆಯಿರಿ. ಉಳಿದದ್ದು ಗುಂಡುಗಳು ಎಷ್ಟು ಚದುರಿದವು ಅನ್ನುವ ಲೆಕ್ಕ. ಗ್ರೂಪ್ ಬಲಕ್ಕೋ ಕೆಳಕ್ಕೋ ಸರಿದಿದ್ದರೆ ಗಾಬರಿ ಬೇಡ, ಅದನ್ನು ಗುರಿ ನೋಡುವ ಸೈಟ್ ತಿರುಗಿಸಿ ಸರಿಮಾಡಬಹುದು. ನಾವು ನೋಡಬೇಕಾದ್ದು ಚದುರುವಿಕೆ ಮಾತ್ರ.

ಮೂರು ಡಬ್ಬಿಯೂ ಹತ್ತಿರ ಹತ್ತಿರ ಬಂದರೆ? ನಿಮ್ಮೂರಲ್ಲಿ ವರ್ಷವಿಡೀ ಸಿಗುವುದನ್ನು ತಗೊಳ್ಳಿ. ಲೇಬಲ್ ಮೇಲಿನ ಬ್ಯಾಚ್ ನಂಬರ್ ಬರೆದಿಟ್ಟುಕೊಂಡು, ಮ್ಯಾಚ್‌ಗೆ ಆಗುವಷ್ಟನ್ನು ಅದೇ ಬ್ಯಾಚ್‌ನಲ್ಲಿ ಕೊಳ್ಳಿ. ಕ್ವಾಲಿಫಿಕೇಷನ್‌ಗೆ (ಫೈನಲ್‌ಗೆ ಮುಂಚಿನ ಸುತ್ತಿಗೆ) 60 ಗುಂಡು, ಅಭ್ಯಾಸದ ಗುಂಡು ಬೇರೆ. 500ರ ಡಬ್ಬಿ ಅಂದುಕೊಂಡದ್ದಕ್ಕಿಂತ ಬೇಗ ಖಾಲಿಯಾಗುತ್ತದೆ.

5. ಕೆಡಿಸಬೇಡಿ. ಪೆಲೆಟ್‌ನ ಹಿಂಭಾಗಕ್ಕೆ ಸ್ಕರ್ಟ್ ಅನ್ನುತ್ತಾರೆ. ಲಂಗದ ಹಾಗೇ ತೆಳ್ಳಗೆ, ಒಳಗೆ ಪೊಳ್ಳು. ಗಾಳಿಯ ಒತ್ತಡ ಹಿಡಿಯುವುದು ಅದೇ. ಒಂದು ಪೆಲೆಟನ್ನು ಬೆರಳ ತುದಿಯಲ್ಲಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ. ಅಂಚು ಬಳೆಯಂತೆ ದುಂಡಗಿದ್ದರೆ ಸರಿ. ಚೂರೇ ಚೂರು ಚಪ್ಪಟೆ ಕಂಡರೂ ಪಕ್ಕಕ್ಕಿಡಿ. ಡಬ್ಬಿ ಒಂದು ಸಲ ನೆಲಕ್ಕೆ ಬಿದ್ದರೆ ಇಂಥವು ಹತ್ತಾರು ಸಿಗುತ್ತವೆ. ಬ್ಯಾಗ್‌ನಲ್ಲಿ ಗಲಗಲ ಅನ್ನಿಸಿಕೊಂಡು ಓಡಾಡಬೇಡಿ. ಡಬ್ಬಿಯೊಳಗೆ ತುಂಡು ಸ್ಪಂಜ್ ಇಟ್ಟರೆ ಸದ್ದೂ ಇಲ್ಲ, ಜಖಂ ಕೂಡ ಇಲ್ಲ. ಹಳೆಯದಾಗಿ ಬಿಳಿ ಪುಡಿ ಹಿಡಿದ ಪೆಲೆಟ್ ಬೇಡವೇ ಬೇಡ.

ಸೀಸ ವಿಷ. ಹೊಡೆದಾದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ಕಾಫಿ ಲೋಟ ಮುಟ್ಟಬೇಡಿ. ಖಾಲಿ ಡಬ್ಬಿ ಮುದ್ದಾಗಿರುತ್ತದೆ, ಮುಚ್ಚಳ ಗಟ್ಟಿಯಾಗಿ ಕೂರುತ್ತದೆ. ನಮ್ಮಮ್ಮ ಒಂದಕ್ಕೆ ಏಲಕ್ಕಿ ತುಂಬಿ ಒಗ್ಗರಣೆ ಡಬ್ಬದ ಪಕ್ಕ ಇಟ್ಟುಬಿಟ್ಟಿದ್ದರು. ಅವತ್ತಿನಿಂದ ಖಾಲಿ ಡಬ್ಬಿಗಳನ್ನು ನಾನು ರೇಂಜ್‌ನಲ್ಲೇ ಬಿಟ್ಟು ಬರುತ್ತೇನೆ.