ಒಂದೇ ಗಿಯರಿನಲ್ಲಿ ಶವಾಮೆಗನ್ 40: ಕಾಡುಹಾದಿಯ ಸಿಂಗಲ್‌ಸ್ಪೀಡ್ ರೇಸಿಗೆ ಸಿದ್ಧತೆ

ಸಿಂಗಲ್‌ಸ್ಪೀಡ್ ಮೌಂಟನ್ ಬೈಕ್ ರೇಸಿನ ಅರ್ಧ ತೀರ್ಮಾನ ಮನೆಯಲ್ಲೇ, ಹಿಂದಿನ ಚಕ್ರಕ್ಕೆ ಎಷ್ಟು ಹಲ್ಲಿನ ಕಾಗ್ (ಹಿಂದಿನ ಹಲ್ಲುಚಕ್ರ) ಹಾಕಬೇಕೆಂದು ನಿರ್ಧರಿಸುವಾಗಲೇ ಆಗಿಹೋಗಿರುತ್ತದೆ. ಹೆಚ್ಚಿನವರು ಹಾದಿಯ ಅತಿ ಕಡಿದಾದ ದಿಬ್ಬವನ್ನು ನೆನೆದು ಹಗುರ ಗಿಯರ್ ಹಾಕಿಕೊಳ್ಳುತ್ತಾರೆ. ಆಮೇಲೆ ಉಳಿದ ಹಾದಿಯುದ್ದಕ್ಕೂ ಕಾಲು ಗಿರಗಿರನೆ ತಿರುಗಿದರೂ ವೇಗ ಸಿಗದೆ ಪೇಚಾಡುತ್ತಾರೆ. ನನ್ನ ಸಲಹೆ ಇದಕ್ಕೆ ವಿರುದ್ಧವಾದುದು: ಹೆಚ್ಚು ಹೊತ್ತು ಎಲ್ಲಿ ತುಳಿಯುತ್ತೀರೋ ಆ ನೆಲಕ್ಕೆ ಗಿಯರ್ ಆರಿಸಿ, ಒಂದೆರಡು ಕಡಿದಾದ ಏರುಗಳಲ್ಲಿ ಇಳಿದು ನಡೆಯಿರಿ.

ಇದಕ್ಕೆ ಒಳ್ಳೆಯ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರದ ಕಾಡುಗಳಲ್ಲಿ 1983ರಿಂದ ನಡೆಯುತ್ತಾ ಬಂದಿರುವ, ಸೆಪ್ಟೆಂಬರ್ ತಿಂಗಳಿನ ಶವಾಮೆಗನ್ ರೇಸ್. ಸಾಂಪ್ರದಾಯಿಕ ಮಾರ್ಗ ಹೇವರ್ಡ್ ಊರಿನ ಪೇಟೆಬೀದಿಯಿಂದ ಹೊರಟು ಕೇಬಲ್ ಎಂಬ ಊರಿನತ್ತ ಸಾಗುತ್ತದೆ. ಉದ್ದ ಸುಮಾರು 40 ಮೈಲಿ, ಅಂದರೆ 64 ಕಿಲೋಮೀಟರ್. ಮೊದಲು ಡಾಂಬರು ರಸ್ತೆ, ಆಮೇಲೆ ಚಳಿಗಾಲದಲ್ಲಿ ಅಮೆರಿಕನ್ ಬರ್ಕಿಬೈನರ್ ಸ್ಕೀ ಸ್ಪರ್ಧೆ ನಡೆಯುವ ಅಗಲವಾದ ಹುಲ್ಲುಹಾದಿ, ಮಧ್ಯೆ ಮಧ್ಯೆ ಕಾಡಿನ ಜಲ್ಲಿರಸ್ತೆ. ಏರು ಮುಗಿಯುವಷ್ಟರಲ್ಲಿ ಇಳಿಜಾರು, ಇಳಿಜಾರು ಮುಗಿಯುವಷ್ಟರಲ್ಲಿ ಮತ್ತೊಂದು ಏರು ಎಂಬಂತೆ ಹಬ್ಬಿದ ಈ ನೆಲ ಸಿಂಗಲ್‌ಸ್ಪೀಡಿಗೆ ಹೇಳಿ ಮಾಡಿಸಿದಂತಿದೆ. ಇದಕ್ಕೆ ಅಪವಾದವೆಂದರೆ ಕೊನೆಯ ಭಾಗದಲ್ಲಿ ಬರುವ, ಕಲ್ಲುಮಣ್ಣಿನ ಫೈರ್ ಟವರ್ ದಿಬ್ಬ.

ಈಗ ಲೆಕ್ಕಕ್ಕೆ ಬರೋಣ. ಸುಮಾರು 2.2 ಇಂಚು ಅಗಲದ ಟೈರ್ ಇರುವ 29 ಇಂಚಿನ ಚಕ್ರ ಒಂದು ಸುತ್ತಿಗೆ ಹೆಚ್ಚುಕಡಿಮೆ 2.3 ಮೀಟರ್ ಉರುಳುತ್ತದೆ. ಮುಂದೆ 34, ಹಿಂದೆ 17 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ 4.6 ಮೀಟರ್ ಸಾಗುತ್ತೀರಿ; ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗ. ಮೂರು ಗಂಟೆಯೊಳಗೆ ಮುಗಿಸಬೇಕೆಂದರೆ ಸರಾಸರಿ 21 ಕಿಲೋಮೀಟರಿಗಿಂತ ಹೆಚ್ಚಿನ ವೇಗ ಬೇಕು, ಆದ್ದರಿಂದ ಅಭ್ಯಾಸವಿರುವ ಕಾಲಿಗೆ ಈ ಜೋಡಿ ತಕ್ಕುದು. ಬೇರುಗಳೂ ಕಿರುತಿರುವುಗಳೂ ತುಂಬಿದ ಇಕ್ಕಟ್ಟಿನ ಕಾಡುಹಾದಿಯಾದರೆ ಮುಂದೆ 32, ಹಿಂದೆ 19 ಅಥವಾ 20 ಹಲ್ಲು ಹೆಚ್ಚು ಜಾಣತನದ ಆಯ್ಕೆ. ಹಿಂದೆ ಒಂದು ಹಲ್ಲು ಹೆಚ್ಚುಕಡಿಮೆಯಾದರೆ ಸುಮಾರು ಶೇಕಡ 6ರಷ್ಟು ವ್ಯತ್ಯಾಸವಾಗುವುದರಿಂದ ರೇಸಿನ ಹಿಂದಿನ ದಿನ ಗಿಯರ್ ಬದಲಿಸಬೇಡಿ. ಓಡಿಸುವ ಗಿಯರಿನಲ್ಲೇ ಕೆಲವು ವಾರ ಏರುಗಳನ್ನು ತುಳಿದಿರಬೇಕು.

ಒಳಪೆಡ್ಲು ಹೊಡೆದು ಹೀರೊ, ಅಟ್ಲಾಸ್ ಸೈಕಲ್‌ಗಳಲ್ಲಿ ಕಲಿತವರಿಗೆ ಒಂದೇ ಗಿಯರ್ ಹೊಸದಲ್ಲ, ಚೈನ್ ಕಳಚಿಕೊಳ್ಳುವ ಕಿರಿಕಿರಿಯೂ ಹೊಸದಲ್ಲ. ರೇಸಿನಲ್ಲಿ ಅದಕ್ಕೆ ಆಸ್ಪದ ಕೊಡಬಾರದು. ಸೈಕಲನ್ನು ಸ್ಟ್ಯಾಂಡಿಗೇರಿಸಿ ಪೆಡಲನ್ನು ನಿಧಾನವಾಗಿ ತಿರುಗಿಸುತ್ತಾ ಚೈನಿನ ಕೆಳಭಾಗದ ನಡುವನ್ನು ಬೆರಳಿನಿಂದ ಮೇಲೆ ಕೆಳಗೆ ಒತ್ತಿ ನೋಡಿ. ಹಲ್ಲುಚಕ್ರಗಳು ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಒಂದು ಜಾಗದಲ್ಲಿ ಚೈನ್ ಬಿಗಿದು, ಇನ್ನೊಂದು ಜಾಗದಲ್ಲಿ ಸಡಿಲವಾಗುತ್ತದೆ. ಅತಿ ಬಿಗಿಯಾದ ಜಾಗದಲ್ಲಿಯೂ ಚೈನ್ ಸ್ವಲ್ಪ ಆಡಬೇಕು, ಇಲ್ಲದಿದ್ದರೆ ಬೇರಿಂಗುಗಳು ಹಾಳಾಗುತ್ತವೆ. ಅತಿ ಸಡಿಲವಾದ ಜಾಗದಲ್ಲಿ ಒಂದು ಸೆಂಟಿಮೀಟರಿಗಿಂತ ಹೆಚ್ಚು ಜೋಲಬಾರದು. ಎರಡರ ನಡುವಿನ ಅಂತರ ಜಾಸ್ತಿಯಿದ್ದರೆ ಮುಂದಿನ ಹಲ್ಲುಚಕ್ರದ ಬೋಲ್ಟುಗಳನ್ನು ತುಸು ಸಡಿಲಿಸಿ, ಅತಿ ಬಿಗಿಯಾದ ಜಾಗದಲ್ಲಿ ಚೈನನ್ನು ಮೆಲ್ಲಗೆ ತಟ್ಟಿ, ಆ ಹಲ್ಲುಚಕ್ರವನ್ನು ನಡುವಿಗೆ ತಂದು ಮತ್ತೆ ಬಿಗಿಯಿರಿ. ಎದ್ದುನಿಂತು ತುಳಿಯುವಾಗ ಹಿಂದಿನ ಚಕ್ರ ಮುಂದಕ್ಕೆ ಜಾರದಂತೆ ಆಕ್ಸಲ್ ಬೋಲ್ಟುಗಳನ್ನೂ ನೋಡಿಕೊಳ್ಳಿ. ಎರಡು ಹಲ್ಲುಚಕ್ರಗಳೂ ಒಂದೇ ನೇರದಲ್ಲಿರಬೇಕು, ವಾರೆಯಾಗಿದ್ದರೆ ಕಾಗಿನ ಅಕ್ಕಪಕ್ಕದ ಬಳೆಗಳಾದ ಸ್ಪೇಸರ್‌ಗಳನ್ನು ಅದಲುಬದಲು ಮಾಡಿ. ತೆಳ್ಳಗಿನ ಕಾಗ್ ಚಕ್ರದ ನಡುವಿನ ಅಲ್ಯೂಮಿನಿಯಂ ಹಬ್ ಅನ್ನು ಕಚ್ಚಿ ಗಾಯ ಮಾಡುತ್ತದೆ, ಆದ್ದರಿಂದ ಬುಡ ಅಗಲವಿರುವ ಕಾಗನ್ನೇ ಕೊಳ್ಳಿ.

ಟ್ಯೂಬ್‌ಲೆಸ್ ಟೈರಿನಲ್ಲಿ ಸವಾರರ ತೂಕಕ್ಕೆ ತಕ್ಕಂತೆ 20ರಿಂದ 25 ಪಿಎಸ್‌ಐ ಗಾಳಿ ಸಾಕು.

ರೇಸಿನ ಆರಂಭದ ರಸ್ತೆಯಲ್ಲಿ ಗಿಯರ್ ಸೈಕಲುಗಳು ನಿಮ್ಮನ್ನು ಹಿಂದೆ ಹಾಕುತ್ತವೆ. ನಿಮಿಷಕ್ಕೆ 110 ಸುತ್ತು ತುಳಿದರೂ ನಿಮ್ಮ ವೇಗ 30 ಕಿಲೋಮೀಟರ್ ಅಷ್ಟೆ. ಅವರ ಬೆನ್ನಟ್ಟಿ ಕಾಲು ಕಳೆದುಕೊಳ್ಳುವ ಬದಲು ಯಾರದಾದರೂ ಬೆನ್ನ ಮರೆಯಲ್ಲಿ ಗಾಳಿ ತಪ್ಪಿಸಿಕೊಂಡು ಸಾಗಿ. ಕಾಡು ಹೊಕ್ಕ ಮೇಲೆ ಲೆಕ್ಕ ತಿರುಗುಮುರುಗಾಗುತ್ತದೆ. ಏರಿನ ಬುಡದಲ್ಲಿ ಅವರು ಹಗುರ ಗಿಯರಿಗಿಳಿದು ನಿಧಾನವಾಗುವ ಹೊತ್ತಿಗೆ ಇಳಿಜಾರಿನ ರಭಸ ಹೊತ್ತು ಬರುವ ನಿಮಗೆ ದಾರಿ ಬೇಕಾಗುತ್ತದೆ. ಹೀಗಾಗಿ ಏರಿಗೆ ಮುನ್ನವೇ ‘ಎಡಗಡೆಯಿಂದ ಬರುತ್ತಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಕೂಗಿ ಮುಂದೆ ಹೋಗಿ, ಅದಾಗದಿದ್ದರೆ ಮೂರು ನಾಲ್ಕು ಸೈಕಲಿನಷ್ಟು ಅಂತರ ಬಿಟ್ಟುಕೊಳ್ಳಿ. ತಿರುವಿನಲ್ಲಿ ಅನವಶ್ಯಕವಾಗಿ ಹಿಡಿದ ಬ್ರೇಕಿನ ಬೆಲೆಯನ್ನು ಮುಂದಿನ ದಿಬ್ಬದಲ್ಲಿ ತೊಡೆಯಿಂದ ತೆರಬೇಕಾಗುತ್ತದೆ. ಏರಿನಲ್ಲಿ ಎದ್ದುನಿಂತಾಗ ಸೊಂಟ ಸೀಟಿನ ಮೂತಿಯ ಮೇಲೇ ಇರಲಿ; ಮುಂದಕ್ಕೆ ಬಾಗಿದರೆ ಸಡಿಲ ಮಣ್ಣಿನಲ್ಲಿ ಹಿಂದಿನ ಚಕ್ರ ಹಿಡಿತ ಬಿಟ್ಟು ಬರಿದೇ ಸುತ್ತುತ್ತದೆ.

ಫೈರ್ ಟವರಿನಲ್ಲಿ ಮುಂದಿನವರೊಬ್ಬರು ನಿಂತರೆ ಹಿಂದಿನವರೆಲ್ಲ ನಿಲ್ಲಬೇಕಾಗಬಹುದು, ಅಂಥ ಕಡಿದಾದ ಏರಿನಲ್ಲಿ ಸಿಂಗಲ್‌ಸ್ಪೀಡನ್ನು ಮತ್ತೆ ಹೊರಡಿಸುವುದು ಬಲು ಕಷ್ಟ. ಈ ಗಿಯರಿನಲ್ಲಿ ಗಂಟೆಗೆ 5 ಕಿಲೋಮೀಟರ್ ಎಂದರೆ ನಿಮಿಷಕ್ಕೆ ಬರೀ 18 ಸುತ್ತು, ಅಂದರೆ ನಡಿಗೆಯ ವೇಗ. ಪೆಡಲು ನಿಮಿಷಕ್ಕೆ 30 ಸುತ್ತಿಗಿಂತ ಕೆಳಗಿಳಿದಾಗ ಮಂಡಿಯನ್ನು ಹಿಂಸಿಸಿ ಗಳಿಸುವುದು ಅಷ್ಟರಲ್ಲೇ ಇದೆ. ಪೂರ್ತಿ ನಿಲ್ಲುವ ಮುನ್ನವೇ ಅಂಚಿಗೆ ಸರಿದು ಇಳಿದು, ಸೈಕಲ್ ತಳ್ಳುತ್ತಾ ಚುರುಕಾಗಿ ನಡೆದು, ಮೇಲೆ ನೆಲ ಸಮವಾದ ಕಡೆ ಹತ್ತಿ.

ನೀರು ಕುಡಿಯುವುದಕ್ಕೂ ಏನಾದರೂ ತಿನ್ನುವುದಕ್ಕೂ ಕಾಲು ಸುಮ್ಮನಿರುವ ನೇರವಾದ ಇಳಿಜಾರುಗಳನ್ನು ಬಳಸಿಕೊಳ್ಳಿ. ಏರಿನಲ್ಲಿ ಎರಡೂ ಕೈ ಹ್ಯಾಂಡಲಿಗೇ ಬೇಕು. ಗುರಿಯ ಮುಂಚಿನ ನೆಲ ಸಮತಟ್ಟಾಗಿದ್ದರೆ ಗಿಯರ್ ಇರುವವರನ್ನು ಅಲ್ಲಿ ಸೋಲಿಸಲಾಗುವುದಿಲ್ಲ. ಯಾರನ್ನಾದರೂ ಹಿಂದೆ ಹಾಕಬೇಕೆಂದಿದ್ದರೆ ಕೊನೆಯ ಏರಿನ ಬುಡದಿಂದಲೇ ಎದ್ದುನಿಂತು ತುಳಿದು, ಅವರಿಗೆ ನಿಮ್ಮ ಬೆನ್ನ ಮರೆ ಸಿಗದಷ್ಟು ದೂರ ಹೋಗಿಬಿಡಿ.